ಇಟಲಿಯ ಗುಡ್ಡದೂರಿಗೆ ಒಂದು ತೆಂಗಿನಕಾಯಿ

ನಾನು ರೊಟ್ಟಿ ಬಡಿಯುತ್ತಿದ್ದೆ. ಏಳನೆಯದು ಹಂಚಿನ ಮೇಲೆ ಬೇಯುತ್ತಿತ್ತು, ಎಂಟನೆಯದು ಅಂಗೈ ಕೆಳಗೆ ಅರ್ಧ ಅಗಲವಾಗಿತ್ತು. ಅಷ್ಟರಲ್ಲಿ ಹಿತ್ತಲ ಬಾಗಿಲನ್ನು ಮೊಣಕೈಯಿಂದ ದೂಡಿಕೊಂಡು ಪಕ್ಕದ ಮನೆಯ ಅಜ್ಜಿ ಒಳಗೆ ಬಂದರು. ಒಂದು ಕೈಯಲ್ಲಿ ಪೋಸ್ಟ್‌ಕಾರ್ಡು, ಇನ್ನೊಂದರಲ್ಲಿ ಕನ್ನಡಕ.

“ಬ್ಯೂರ್‌ವ್ರೌ, ಒಲಿ ಆರಸು. ನಮ್ಮ ಅತ್ತಿ ಬರದಾಳ.”

ಬ್ಯೂರ್‌ವ್ರೌ ಎಂದರೆ ನೆರೆಮನೆಯಾಕೆ. ಹೆಸರು ಗೊತ್ತಿದ್ದರೂ ಈ ದೇಶದ ಅಕ್ಕಪಕ್ಕದವರು ಹೀಗೆಯೇ ಕರೆದುಕೊಳ್ಳುತ್ತಾರೆ. ಅವರಿಗೆ ನಾನು ಬ್ಯೂರ್‌ವ್ರೌ, ನನಗೆ ಅವರು ಬ್ಯೂರ್‌ವ್ರೌ. ಅವರು ಆಡುತ್ತಿದ್ದದ್ದು ಡಚ್ ಭಾಷೆ. ಆದರೆ ಏಳು ವರ್ಷ ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳಿದ ಮೇಲೆ ಅದು ನನ್ನ ಕಿವಿಗೆ ಧಾರವಾಡದ ಮಾತಾಗಿಯೇ ಬೀಳುತ್ತಿತ್ತು. ಹಾಗೆಯೇ ಬರೆಯುತ್ತೇನೆ.

ನಮ್ಮ ಯಜಮಾನರಿಗೆ ಹಾಲೆಂಡಿನ ನೈಮೆಗನ್ ಊರಿನ ಚಿಪ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ನಾವು ಈ ಸಾಲುಮನೆಗೆ ಬಂದ ಮೊದಲ ವಾರವೇ ಅಜ್ಜಿಯ ಪರಿಚಯವಾಗಿತ್ತು. ನನ್ನ ರೊಟ್ಟಿಯ ಸಪ್ಪಳ ಕೇಳಿ, ಗೋಡೆಗೆ ಏನು ಮೊಳೆ ಹೊಡೆಯುತ್ತೀರಿ ಎಂದು ವಿಚಾರಿಸಲು ಬಂದವರು ಬೆಣ್ಣೆ ಹಚ್ಚಿದ ಬಿಸಿ ರೊಟ್ಟಿ ತಿಂದು ಹೋದರು. ಆಮೇಲೆ ಪ್ರತಿ ಶನಿವಾರ ಮೊಳೆಯ ವಿಚಾರಣೆಗೆ ಬರತೊಡಗಿದರು. ಪರದೇಶದಲ್ಲಿ ಬಾಗಿಲು ತಟ್ಟದೆ ಒಳಗೆ ಬರುವ ಒಬ್ಬರನ್ನು ದೇವರು ಕೊಟ್ಟನಲ್ಲ, ಆ ಒಂದು ಉಪಕಾರವನ್ನು ನಾನು ಮರೆತಿಲ್ಲ.

ಅವರ ತಂದೆ ಇಟಲಿಯವರು. ಬೆಟ್ಟದ ಮೇಲಿನ ಒಂದು ಊರಿನವರು. ಆ ಕಣಿವೆಯ ಗಂಡಸರೆಲ್ಲ ಬೇಸಿಗೆಗೆ ಹಾಲೆಂಡಿಗೋ ಜರ್ಮನಿಗೋ ಬಂದು ಐಸ್‌ಕ್ರೀಂ ಮಾರುವುದು, ಚಳಿಗಾಲಕ್ಕೆ ಅಂಗಡಿ ಮುಚ್ಚಿ ಊರಿಗೆ ಮರಳುವುದು. ಅಜ್ಜಿಯ ತಂದೆ ಮಾತ್ರ ಒಂದು ಚಳಿಗಾಲ ಮರಳಲಿಲ್ಲ. ಅಂಗಡಿಗೆ ಬರುತ್ತಿದ್ದ ಡಚ್ ಹುಡುಗಿಯನ್ನು ಮದುವೆಯಾಗಿ ಇಲ್ಲೇ ನಿಂತುಬಿಟ್ಟರು. ಅದೇ ಚಳಿಗಾಲ ಊರಿನಲ್ಲಿ ಅವರ ತಂಗಿಯ ಮದುವೆ ಇತ್ತು. ಅಣ್ಣ ಬರಲಿಲ್ಲ. ಅಂದಿನಿಂದ ಆ ತಂಗಿ, ಅಂದರೆ ನಮ್ಮ ಅಜ್ಜಿಯ ಸೋದರತ್ತೆ, ಅಣ್ಣನ ಕಾಗದಗಳನ್ನು ಒಡೆಯದೆ ವಾಪಸು ಕಳಿಸಿದಳು. ಅಣ್ಣ ಸತ್ತ ಮೇಲೆ ಅಣ್ಣನ ಮಗಳ ಕಾಗದಗಳನ್ನೂ ಕಳಿಸಿದಳು. ತಂದೆ ಹುಟ್ಟಿದ ಮನೆಯನ್ನು ಅಜ್ಜಿ ಅರವತ್ತಾರು ವರ್ಷವಾದರೂ ನೋಡಿರಲಿಲ್ಲ.

ಕಾರ್ಡಿನಲ್ಲಿ ನಾಲ್ಕೇ ಸಾಲು. ಅಜ್ಜಿ ಓದಿದರು. “ಮನಿ ಮಾರೀನಿ. ಈ ತಿಂಗಳ ಕಡೀಗೆ ಕೀಲಿ ಕೊಡಬೇಕು. ನೋಡಬೇಕಂದ್ರ ಬಾ. ಒಳಗ ಕರೀತೀನಂತ ಹೇಳಂಗಿಲ್ಲ.”

“ಕೊನೀ ಸಾಲು ಯಾಕ ಬರದಾರ?” ಎಂದೆ.

“ನಮ್ಮ ಮಂದೀನ ಹಂಗ.” ಅಜ್ಜಿ ಏಳನೆಯ ರೊಟ್ಟಿಯನ್ನು ಹಂಚಿನಿಂದ ಎತ್ತಿಕೊಂಡರು. “ನಾ ಗಾಡೀ ಮ್ಯಾಲ ಹೊಂಟೀನಿ. ನೀ ಬರ್ತಿ.”

ಗಾಡಿ ಎಂದರೆ ತೀರಿಕೊಂಡ ಅವರ ಗಂಡನ ಮೋಟಾರ್‌ಸೈಕಲ್ಲು. ಬಲಗಡೆಗೆ ಒಂದು ಚಕ್ರದ ತೊಟ್ಟಿಲು ಕಟ್ಟಿದಂತೆ ಸೈಡ್‌ಕಾರ್ ಇರುವಂಥದು. ರೈಲಿಗೆ ಹೋಗಿರಿ ಅಂದೆ. ರೈಲು ಇಳಿದ ಮೇಲೆ ಎರಡು ಬಸ್ಸು, ಆಮೇಲೆ ಬಸ್ಸೂ ಇಲ್ಲ ಅಂದರು. ಮಗಳನ್ನು ಕರೆದುಕೊಂಡು ಹೋಗಿರಿ ಅಂದೆ.

“ಆಕಿ ನಲವತ್ತೆಂಟು ಕೇಜಿ ಅದಾಳ,” ಎಂದು ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಆಗ ತಿಳಿಯಿತು. ಸೈಡ್‌ಕಾರ್ ಖಾಲಿ ಇದ್ದರೆ ಬಲತಿರುವಿನಲ್ಲಿ ಅದರ ಚಕ್ರ ನೆಲ ಬಿಟ್ಟು ಏಳುತ್ತದಂತೆ. ಅದಕ್ಕೆ ಅವರು ಮರಳಿನ ಎರಡು ಚೀಲ ಇಟ್ಟುಕೊಂಡು ಓಡಿಸುತ್ತಿದ್ದರು. ಇಟಲಿಯ ಘಾಟಿನಲ್ಲಿ ಬಲತಿರುವು ಬಹಳ. ಮರಳಿನ ಜತೆ ಮೂರು ದಿನ ಮಾತಾಡಲಾಗುವುದಿಲ್ಲ. ಹೀಗೆ ನನ್ನ ಆಯ್ಕೆಯಾಯಿತು. ಹದಿನಾಲ್ಕು ವರ್ಷದಿಂದ ಇಳಿಸಬೇಕು ಇಳಿಸಬೇಕು ಎಂದುಕೊಂಡ ತೂಕ ಯಾರದೋ ಉಪಯೋಗಕ್ಕೆ ಬಂತಲ್ಲ ಎಂದು ಒಂದು ಸಮಾಧಾನ.

ಸಂಜೆ ಯಜಮಾನರಿಗೆ ಹೇಳಿದೆ. “ರೀ, ನಾ ಇಟಲಿಗೆ ಹೋಗಿ ಬರ್ಲೇನು?”

“ಯಾಕ, ಹೇಗ್ ಊರಿನ ಅಂಗಡ್ಯಾಗ ಜ್ವಾಳದ ಹಿಟ್ಟು ಮುಗದೈತೇನು?” ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

“ಮೋಟಾರ್‌ಸೈಕಲ್ ಮ್ಯಾಲ.”

ಈಗ ಎತ್ತಿದರು. “ಯಾರ ಹಿಂದ ಕುಂದರ್ತಿ?”

“ಯಾರ ಹಿಂದೂ ಇಲ್ಲ. ಬಾಜೂಕ.”

ನಮ್ಮ ಮಗಳು ಆಗ ಹೈಸ್ಕೂಲಿನಲ್ಲಿದ್ದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಡಚ್ಚಿನಲ್ಲಿ ಉತ್ತರ ಕೊಡುವುದು ಅವಳ ರೂಢಿ. “ಮಮ್ಮಿ, ಡೂ ನೊರ್ಮಾಲ್,” ಅಂದಳು, ಅಂದರೆ ನೆಟ್ಟಗಿರು. ನನಗೂ ಅದೇ ಆಸೆ ಇತ್ತು. ಆದರೆ ಅಜ್ಜಿ ಆ ಕಾರ್ಡನ್ನು ತಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಕೊನೆಯ ಸಾಲಿನ ಮೇಲೆ ಮಾತ್ರ ಆಯಸ್ಕಾಂತ ಬರುವ ಹಾಗೆ ಇಟ್ಟಿದ್ದನ್ನು ನಾನು ನೋಡಿದ್ದೆ. ಅದನ್ನು ನೋಡಿದ ಮೇಲೆ ಬರುವುದಿಲ್ಲ ಅನ್ನುವುದು ಹೇಗೆ?

ಹೊರಡುವ ದಿನ ಗಾಡಿಗೆ ಪೂಜೆ ಮಾಡಿದೆ. ಅರಿಶಿನ, ಕುಂಕುಮ, ಊದಿನಕಡ್ಡಿ. ಚಕ್ರಕ್ಕೊಂದರಂತೆ ಮೂರು ನಿಂಬೆಹಣ್ಣು ಇಟ್ಟೆ. ಅಜ್ಜಿ ಗಾಡಿಯನ್ನು ಮುಂದಕ್ಕೆ ಉರುಳಿಸಿದಾಗ ಎರಡು ಒಡೆದವು, ಸೈಡ್‌ಕಾರಿನದು ಪಕ್ಕಕ್ಕೆ ಜಾರಿತು. “ಇದೇನು ಶಕುನ?” ಎಂದು ಯಜಮಾನರು ಕೇಳಿದರು. ನಿಂಬೆಹಣ್ಣು ಗಟ್ಟಿ ಇತ್ತು ಅಂದೆ. ಕಾಲ ಬಳಿ ಚೀಲ ಇಟ್ಟುಕೊಂಡೆ. ಅದರಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಎರಡು ಸೇರು ಅಕ್ಕಿ, ಯಾರ ಮನೆಗಾದರೂ ಹೋದರೆ ಬರಿಗೈ ಆಗಬಾರದು ಎಂದು ಕುಪ್ಪಸದ ಒಂದು ಖಣ, ಮತ್ತು ಟರ್ಕಿಯವರ ಅಂಗಡಿಯಲ್ಲಿ ಆರಿಸಿ ತಂದ ಒಂದು ತೆಂಗಿನಕಾಯಿ. ಅಜ್ಜಿ ಚೀಲ ಎತ್ತಿ ನೋಡಿ, “ಭೇಷ್, ಇನ್ನೂ ಐದು ಕೇಜಿ,” ಅಂದರು.

ಸೈಡ್‌ಕಾರಿನಲ್ಲಿ ಕೂತವರಿಗೆ ಜಗತ್ತು ಬಹಳ ಎತ್ತರ. ಜರ್ಮನಿಯ ಹೆದ್ದಾರಿಯಲ್ಲಿ ಲಾರಿಗಳ ಚಕ್ರದ ನಟ್ಟುಗಳು ನನ್ನ ಕಣ್ಣಿನ ಮಟ್ಟಕ್ಕೆ ತಿರುಗುತ್ತಿದ್ದವು. ಹೆಲ್ಮೆಟ್ಟಿನೊಳಗೆ ಹನುಮಪ್ಪನ ನಾಮ ಹೇಳಿಕೊಂಡರೆ ನನ್ನ ದನಿ ನನಗೇ ಗುಡಿಯ ಮೈಕಿನಂತೆ ಕೇಳುತ್ತಿತ್ತು. ಕಾರುಗಳ ಹಿಂದಿನ ಸೀಟಿನ ಮಕ್ಕಳು ಕೈ ಬೀಸಿದವು. ನಾನೂ ಬೀಸಿದೆ. ಎರಡನೆಯ ದಿನದ ಹೊತ್ತಿಗೆ ದೇವಿಯ ಪಲ್ಲಕ್ಕಿಯಲ್ಲಿ ಕೂತಂತೆ ಬೀಸುವುದು ರೂಢಿಯಾಯಿತು. ಮಳೆ ಬರಲಿಲ್ಲ. ಅದೂ ಒಂದು ಉಪಕಾರ. ರಾತ್ರಿ ತಂಗಿದ ಮನೆಗಳಲ್ಲಿ ಬರಿಯ ಬಟಾಟೆ ಸಿಕ್ಕಿತು, ಆದರೆ ನಮ್ಮ ಹತ್ತಿರ ಚಟ್ನಿಪುಡಿ ಇತ್ತು. ಅದು ಇನ್ನೊಂದು.

ಮೂರನೆಯ ದಿನ ಘಾಟು ಬಂತು. ಏರುವಾಗ ಏನೂ ಅನ್ನಿಸಲಿಲ್ಲ. ಇಳಿಯುವಾಗ ಪ್ರತಿ ಬಲತಿರುವಿಗೂ ಅಜ್ಜಿ “ವಾಲು” ಎಂದು ಕೂಗುವುದು, ನಾನು ಪ್ರಪಾತದ ಕಡೆಗೆ ಅರ್ಧ ಮೈ ಹೊರಗೆ ಹಾಕುವುದು. ಕೆಳಗೆ ನದಿ ಜನಿವಾರದ ಎಳೆಯಷ್ಟು ಕಾಣುತ್ತಿತ್ತು. ಒಂದು ತಿರುವಿನಲ್ಲಿ ನಾನು ವಾಲಿಯೂ ನನ್ನ ಚಕ್ರ ಎದ್ದಿತು. ಆಗ ಹರಕೆ ಹೊತ್ತೆ. ಹನುಮಪ್ಪಾ, ನೀನು ಬೆಟ್ಟ ಹೊತ್ತವನು, ಈ ಬೆಟ್ಟ ಒಂದು ಇಳಿಸು, ಇಳಿದ ಊರಿನಲ್ಲಿ ಯಾವ ದೇವರಿದ್ದರೂ ಆತನ ಬಾಗಿಲಿಗೆ ಕಾಯಿ ಒಡೆಯುತ್ತೇನೆ. ಅವನು ಇಳಿಸಿದ.

ಊರು ಎಂದರೆ ಕಲ್ಲಿನ ನಲವತ್ತು ಮನೆ, ಒಂದು ಚೌಕ, ಒಂದು ಚರ್ಚು. ಚೌಕದ ಬೆಂಚಿನ ಮೇಲೆ ಇಬ್ಬರು ಮುದುಕರು ಕೂತಿದ್ದರು. ನಮ್ಮ ನಂಬರ್ ಪ್ಲೇಟು ನೋಡಿ ಒಬ್ಬ ಡಚ್ಚಿನಲ್ಲೇ ಮಾತಾಡಿಸಿದ. “ನೈಮೆಗನ್ನೇನು? ಅಲ್ಲೆ ನಮ್ಮ ತಮ್ಮನ ಐಸ್‌ಕ್ರೀಂ ಅಂಗಡಿ ಇತ್ತು. ನಂದು ಹೇಗ್ ಊರಾಗ. ಮಳಿ ಇನ್ನೂ ಅಡ್ಡಡ್ಡ ಬೀಳತೈತೇನು?”

ಬೀಳುತ್ತದೆ ಅಂದೆ. ಅವನ ಡಚ್ಚು ನನ್ನದರಷ್ಟೇ ಹರಕು. ಏಳು ವರ್ಷ ನೈಮೆಗನ್ನಿನಲ್ಲಿ ಬಾಯಿ ತೆರೆದಾಗಲೆಲ್ಲ ಇಂಗ್ಲಿಷಿಗೆ ತಿರುಗುವ ಜನರನ್ನು ಕಂಡ ನನಗೆ, ನನ್ನ ಡಚ್ಚು ಪೂರ್ತಿ ಅರ್ಥವಾಗುವ ಊರು ಇಟಲಿಯಲ್ಲಿ ಸಿಕ್ಕಿತು.

ಅತ್ತೆಯ ಮನೆ ಚರ್ಚಿನ ಎದುರಿಗೇ ಇತ್ತು. ಅಜ್ಜಿ ಹೆಲ್ಮೆಟ್ ತೆಗೆದು, ಕೂದಲು ನೀವಿಕೊಂಡು, ಬಾಗಿಲು ತಟ್ಟಿದರು. ಒಳಗಿನಿಂದ ದನಿ ಬಂತು. ಅದೂ ಡಚ್ಚೇ. ಮದುವೆಗೆ ಮೊದಲು ಅಣ್ಣನ ಅಂಗಡಿಯಲ್ಲಿ ಮೂರು ಬೇಸಿಗೆ ಕಪ್ಪು ತೊಳೆದಿದ್ದಳಂತೆ.

“ನಾ ಮಲಗೀನಿ.”

“ಅತ್ತೀ, ನಾನು.”

“ಗೊತ್ತೈತಿ. ಮನಿ ನೋಡಲಿಕ್ಕೆ ಬಾ ಅಂದಿದ್ದೆ. ಹೊರಗಿಂದ ಛಲೋ ಕಾಣತೈತಿ. ನೋಡು.”

ಅಜ್ಜಿ ನಕ್ಕರು. ಆಮೇಲೆ ನಗು ನಿಂತಿತು. ಎದುರಿಗೆ ಹೋಗಿ ಗಾಡಿಯ ಸೀಟಿನ ಮೇಲೆ ಕೂತು, ಹೇಳಿದ ಹಾಗೆಯೇ ಹೊರಗಿನಿಂದ ನೋಡತೊಡಗಿದರು. ಸಾವಿರ ಕಿಲೋಮೀಟರ್ ಹ್ಯಾಂಡಲ್ ಹಿಡಿದಿದ್ದ ಕೈಯ ಗವಸು ಬಿಚ್ಚುವುದನ್ನೂ ಮರೆತಿದ್ದರು. ನಾನೇ ಬಿಚ್ಚಿದೆ. ದಾರಿ ಕಾಣದಾಗ ನಾನು ದೇವರ ಕೆಲಸಕ್ಕೆ ಹೋಗುವವಳು. ಹರಕೆಯಾದರೂ ತೀರಲಿ ಎಂದು ಚೀಲದಿಂದ ಕಾಯಿ ತೆಗೆದೆ.

ಚರ್ಚಿನ ಬಾಗಿಲಿಗೆ ಐದು ಮೆಟ್ಟಿಲು. ಬಿಳಿ ಕಲ್ಲು, ಹೊಳೆಯುತ್ತಿತ್ತು. ಚಪ್ಪಲಿ ಕೆಳಗೆ ಬಿಟ್ಟೆ, ಓಡ್ನಿ ತಲೆಯ ಮೇಲೆ ಎಳೆದುಕೊಂಡೆ, ಕಾಯಿಯ ಜುಟ್ಟು ಕಿತ್ತೆ, ಕೈ ಮುಗಿದೆ, ಎಲ್ಲಾ ಗುಡಿಯಲ್ಲಿ ಮಾಡುವ ಹಾಗೆ ಮೇಲಿನ ಮೆಟ್ಟಿಲಿನ ಅಂಚಿಗೆ ಕಾಯಿಯನ್ನು ಬಲವಾಗಿ ಹೊಡೆದೆ.

ಬೆಟ್ಟದ ಊರಿನಲ್ಲಿ ಸದ್ದು ಎಷ್ಟು ದೂರ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಪಾರಿವಾಳಗಳೆಲ್ಲ ಎದ್ದವು. ಮುದುಕರಿಬ್ಬರೂ ಎದ್ದರು. ಕಾಯಿ ಛಲೋ ಒಡೆಯಿತು, ಎರಡು ಸಮನಾದ ಹೋಳು, ನೀರು ಐದೂ ಮೆಟ್ಟಿಲು ಇಳಿದು ಹೋಯಿತು. ಮತ್ತು ಎದುರಿನ ಮನೆಯ ಬಾಗಿಲು ಧಡಾರನೆ ತೆರೆಯಿತು. ಏಪ್ರನ್ ಕಟ್ಟಿಕೊಂಡ ಕುಳ್ಳನೆಯ ಮುದುಕಿ, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಬ್ರಶ್ಶು.

“ಯಾರು ನೀನು? ನನ್ನ ಪಾವಟಿಗಿ ಮ್ಯಾಲ ಏನು ಒಡದಿ?”

ಆ ಮೆಟ್ಟಿಲುಗಳನ್ನು ದಿನಾ ಬೆಳಿಗ್ಗೆ ತೊಳೆಯುವವಳು ಅವಳೇ. ನಲವತ್ತು ವರ್ಷದಿಂದ. ನಾನು ಕಾಯಿ ತೋರಿಸಿ, ಇದು ದೇವರಿಗೆ, ಅಂದೆ.

“ದೇವರು ಹೊರಗ ಕುಂತಾನೇನು? ಒಳಗದಾನ. ತೊಳಿ.”

ಬ್ರಶ್ಶು ನನ್ನ ಕೈಗೆ ಬಂತು. ಬೇಕಂತಲೇ ಒಡೆದೆಯಾ ಎಂದು ಈಗಲೂ ಜನ ಕೇಳುತ್ತಾರೆ. ಹನುಮಪ್ಪನ ಆಣೆ, ಇಲ್ಲ. ಆದರೆ ತಿಕ್ಕುವಾಗ ಬೇಕಂತಲೇ ನಿಧಾನವಾಗಿ ತಿಕ್ಕಿದೆ, ಅದು ನಿಜ. ಏಕೆಂದರೆ ಮುದುಕಿ ನನ್ನ ತಲೆಯ ಮೇಲೆ ನಿಂತಿದ್ದಳು, ಅವಳ ಮನೆಯ ಬಾಗಿಲು ಹಿಂದೆ ಹಾರು ಹೊಡೆದಿತ್ತು. ನಾನು ಅಜ್ಜಿಗೆ ಕಣ್ಣಿನಲ್ಲೇ ಸನ್ನೆ ಮಾಡಿದೆ. ಹೋಗಿರಿ, ಒಳಗೆ ನುಗ್ಗಿರಿ. ಅಜ್ಜಿ ಗಾಡಿಯಿಂದ ಇಳಿದರು, ಹೊಸ್ತಿಲಿನ ತನಕ ಹೋದರು. ಅಲ್ಲಿ ನಿಂತರು. ನಾನು ಹುಬ್ಬು ಹಾರಿಸಿದೆ. ಅವರು ಇಲ್ಲ ಎಂದು ತಲೆಯಾಡಿಸಿದರು.

ಮುದುಕಿ ನನ್ನ ಹುಬ್ಬು ನೋಡಿ ತಿರುಗಿದಳು. ಹೊಸ್ತಿಲಿನ ಹೊರಗೆ ನಿಂತ ಅಣ್ಣನ ಮಗಳನ್ನು ನೋಡಿದಳು. ಬಾಗಿಲನ್ನೂ ನೋಡಿದಳು.

“ಯಾಕ, ಒಳಗ ಹೋಗಲಿಲ್ಲ?”

“ಕರೀಲಿಲ್ಲಲ್ಲ,” ಎಂದರು ಅಜ್ಜಿ.

ಮುದುಕಿ ನನ್ನ ಕಡೆ ತಿರುಗಿದಳು. ಮೂರನೆಯ ಮೆಟ್ಟಿಲಿನಲ್ಲಿ ನಾನು ಬಿಟ್ಟ ಒಂದು ಮೂಲೆಯನ್ನು ಕಾಲಿನಿಂದ ತೋರಿಸಿದಳು. ತಿಕ್ಕುತ್ತಲೇ ಕೇಳಿದೆ, ಅಣ್ಣನ ಮೇಲೆ ಇಷ್ಟು ಸಿಟ್ಟು ಯಾಕೆ ಎಂದು. ನನ್ನಂಥ ಹರಕು ಭಾಷೆಯವರು ಸುತ್ತಿ ಬಳಸಿ ಕೇಳಲಾರರು.

“ಲಗ್ನದ ದಿನ ಅಣ್ಣ ಬರ್ತಾನಂತ ಎಲ್ಲಾರ ಮುಂದ ಹೇಳಿದ್ದೆ. ಇದ ಪಾವಟಿಗಿ ಮ್ಯಾಲ ನಿಂತು ಹಾದಿ ನೋಡಿದೆ. ನನ್ನ ಕಡಿಂದ ಒಬ್ಬಾಂವ ಗಂಡಸಿಲ್ಲ. ಒಂದು ಅರಿವಿ ತುಂಡು ಸುದ್ದಾ ಕಳಿಸಲಿಲ್ಲ.”

ನಾನು ಬ್ರಶ್ಶು ಕೆಳಗಿಟ್ಟೆ. “ತವರಿನ ಉಡಿ ಬರಲಿಲ್ಲಂದ್ರ ನಾನೂ ಬಾಗಲಾ ತಗೀತಿರಲಿಲ್ಲ,” ಅಂದೆ. ಅಜ್ಜಿಯ ಕಡೆ ತಿರುಗಿ, “ಬ್ಯೂರ್‌ವ್ರೌ, ತಪ್ಪು ನಿಮ್ಮ ಅಪ್ಪಂದು,” ಎಂದೆ.

ತಾವೇ ಸಾವಿರ ಕಿಲೋಮೀಟರ್ ಕರೆತಂದ ಗೆಳತಿ ಹೀಗೆ ಪಕ್ಷ ಬದಲಿಸಿದ್ದನ್ನು ನೋಡಿ ಅಜ್ಜಿ ಬೆರಗಾದರು. ಮುದುಕಿ ಮೊದಲ ಸಲ ನನ್ನನ್ನು ಮನುಷ್ಯಳಂತೆ ನೋಡಿದಳು. “ಉಡಿ ಅಂದ್ರೇನು?” ಎಂದಳು.

ಹೇಳುವುದಕ್ಕಿಂತ ಮಾಡುವುದು ಸುಲಭ. ಚೀಲ ತಂದೆ. ಅಜ್ಜಿಗೆ ಕಿವಿಯಲ್ಲಿ ಹೇಳಿಕೊಟ್ಟೆ. ಮುದುಕಿಗೆ ಏಪ್ರನ್ನಿನ ಎರಡು ಅಂಚು ಹಿಡಿದು ಮುಂದೆ ಚಾಚಲು ಹೇಳಿದೆ. ಉಡಿ ತುಂಬಿಸಿಕೊಳ್ಳಲು ಅಷ್ಟು ಅನುಕೂಲವಾದ ಉಡುಪನ್ನು ನಾನು ನಮ್ಮ ಕಡೆಯೂ ಕಂಡಿಲ್ಲ. ಅವಳು ಗಂಡ ಸತ್ತವಳು, ಶಾಸ್ತ್ರ ಕೇಳಿದರೆ ಉಡಿ ತುಂಬುವ ಹಾಗಿಲ್ಲ. ಆದರೆ ಶಾಸ್ತ್ರ ಹೇಳುವ ನಮ್ಮ ಅತ್ತೆಯವರು ಧಾರವಾಡದಲ್ಲಿದ್ದರು. ದೇವರ ಹತ್ತಿರ ನಾನೇ ಮಾತಾಡಿಕೊಂಡೆ.

ಅಜ್ಜಿ ಐದು ಬೊಗಸೆ ಅಕ್ಕಿ ಹಾಕಿದರು. ಖಣ ಇಟ್ಟರು. ಇಡೀ ಕಾಯಿ ಇರಲಿಲ್ಲ, ಒಡೆದ ಎರಡು ಹೋಳನ್ನೇ ಇಟ್ಟರು. ಬೆಂಚಿನ ಮುದುಕರು ಟೋಪಿ ತೆಗೆದರು. ಯಾಕೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

“ಇದು ಅಪ್ಪನ ಕಡಿಂದ,” ಎಂದರು ಅಜ್ಜಿ.

“ಆಂವ ಸತ್ತು ಇಪ್ಪತ್ತು ವರ್ಷ ಆತು.”

“ಹೌದು. ತಡಾ ಆತು.”

“ಯಾವಾಗಲೂ ಆಂವ ತಡಾನ.” ಮುದುಕಿ ಖಣವನ್ನು ಎತ್ತಿ ಬೆಳಕಿಗೆ ಹಿಡಿದಳು, ಅಂಚು ತಿಕ್ಕಿ ನೋಡಿದಳು. “ತೊಳದ್ರ ಬಣ್ಣ ಬಿಡತೈತೇನು?”

ಮೊದಲ ಸಲ ಬಿಡುತ್ತದೆ ಅಂದೆ. ಸುಳ್ಳು ಹೇಳಿ ಏನು ಪ್ರಯೋಜನ?

ಅವಳು ತುಂಬಿದ ಏಪ್ರನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡು, ಅಕ್ಕಿಯ ಒಂದು ಕಾಳೂ ಚೆಲ್ಲದ ಹಾಗೆ ಚೌಕ ದಾಟಿದಳು. ಹೊಸ್ತಿಲು ದಾಟಿದಳು. ಒಳಗಿನಿಂದ ಕೂಗಿದಳು.

“ಕಾಲು ಒರಸಿಕೊಂಡು ಬಾ.”

ಅಜ್ಜಿ ಕಾಲು ಒರೆಸಿದರು. ಎಷ್ಟು ಹೊತ್ತು ಒರೆಸಿದರು ಎಂದರೆ ನಾನೇ ಹಿಂದಿನಿಂದ ಮೆಲ್ಲಗೆ ದೂಡಬೇಕಾಯಿತು.

ಮನೆಯಲ್ಲಿ ಸಾಮಾನೆಲ್ಲ ಡಬ್ಬಿಗಳಲ್ಲಿ ತುಂಬಿತ್ತು. ತಂದೆಯ ಕೋಣೆಯಲ್ಲಿ ಮಾತ್ರ ಕಬ್ಬಿಣದ ಮಂಚ ಉಳಿದಿತ್ತು. ಮಲಗಿದಲ್ಲಿಂದಲೇ ಚರ್ಚಿನ ಗಂಟೆ ಕಾಣುತ್ತಿತ್ತು ಎಂದು ಅವರು ಮಗಳಿಗೆ ಎಷ್ಟೋ ಸಲ ಹೇಳಿದ್ದರಂತೆ. ಅಜ್ಜಿ ಬೂಟು ಹಾಕಿಕೊಂಡೇ ಮಲಗಿ ನೋಡಿದರು. ಗೋಡೆ ಕಾಣಿಸಿತು.

“ಅಪ್ಪ ಸುಳ್ಳು ಹೇಳಿದ,” ಎಂದರು.

“ಬೂಟು ತಗಿ. ಮಂಚ ಆಗ ಆ ಮೂಲ್ಯಾಗಿತ್ತು.” ಮುದುಕಿ ಒಂದು ತುದಿ ಹಿಡಿದಳು. ನಾವು ಮೂವರೂ ಸೇರಿ ಮಂಚ ಎಳೆದೆವು. ಎಂಬತ್ತಾರರ ಒಬ್ಬಳು, ಅರವತ್ತಾರರ ಒಬ್ಬರು, ಮಧ್ಯದಲ್ಲಿ ನಾನು. ಅಜ್ಜಿ ಮತ್ತೆ ಮಲಗಿದರು. ಈ ಸಲ ಗಂಟೆ ಕಾಣಿಸಿತು. ತುಸು ಹೊತ್ತಾದ ಮೇಲೆ ಮುದುಕಿ ಮಂಚದ ತುದಿಗೆ ಕೂತು, ಅಣ್ಣ ಹಿಮ ಮತ್ತು ಉಪ್ಪು ಹಾಕಿ ಮೊದಲ ಸಲ ಐಸ್‌ಕ್ರೀಂ ಮಾಡಲು ಹೋಗಿ ತಾಯಿಯ ಒಳ್ಳೆಯ ಪಾತ್ರೆ ಹಾಳು ಮಾಡಿದ ಕತೆ ಹೇಳಿದಳು. ಬೈಯುತ್ತಲೇ ಹೇಳಿದಳು. ನಾನು ಅಡುಗೆಮನೆ ಹುಡುಕಿ ಮೂವರಿಗೂ ಚಹಾ ಇಟ್ಟೆ. ಹಾಲು ಇತ್ತು. ಅದನ್ನೂ ಉಪಕಾರದಲ್ಲಿ ಸೇರಿಸಿಕೊಂಡೆ.

ಎರಡು ದಿನದ ಮೇಲೆ ನಾನು ಬಸ್ಸು, ರೈಲು ಹಿಡಿದು ಮನೆಗೆ ಬಂದೆ. ಅಜ್ಜಿ ಅಲ್ಲೇ ಉಳಿದರು. ಕೀಲಿ ಕೊಡುವ ತನಕ ಇರು, ಡಬ್ಬಿ ಹೊರಲು ಯಾರಾದರೂ ಬೇಕು ಎಂದು ಅತ್ತೆ ಅಪ್ಪಣೆ ಮಾಡಿದ್ದಳು.

ಮನೆಗೆ ಬಂದು ನೋಡಿದರೆ ಯಜಮಾನರ ಪೂಜೆಯ ಪಂಚೆಗಳೆಲ್ಲ ಗುಲಾಬಿ ಬಣ್ಣ. ಅಪ್ಪ ಮಗಳು ಸೇರಿ ಅವಳ ಕೆಂಪು ಜಾಕೆಟ್ಟಿನ ಜತೆ ಮಷೀನಿಗೆ ಹಾಕಿದ್ದರು. “ಛಲೋ ಕಾಣತೈತಿ,” ಎಂದು ಯಜಮಾನರು ಅದನ್ನೇ ಉಟ್ಟು ದೇವರ ಮುಂದೆ ಕೂತಿದ್ದರು. ದೇವರು ನಕ್ಕಿರಬೇಕು.

ಅಷ್ಟರಲ್ಲಿ ಅಜ್ಜಿಯ ಫೋನು ಬಂತು. ಹಿಂದೆ ಮುದುಕಿಯ ದನಿ ಕೇಳುತ್ತಿತ್ತು. “ಮುಂಜಾನಿಂದ ಒದರಾಕತ್ತಾಳ,” ಎಂದರು ಅಜ್ಜಿ. “ತಾಟು ಕಾಗದದಾಗ ಸರಿಯಾಗಿ ಸುತ್ತಿಲ್ಲಂತ. ನಮ್ಮಪ್ಪನಂಗ ಇದ್ದೀನಂತ.” ಆಮೇಲೆ ದನಿ ತಗ್ಗಿಸಿ, “ಇನ್ನೊಮ್ಮೆ ಅನ್ನಲಿ ಅಂತ ಇನ್ನೊಂದು ತಾಟು ತಪ್ಪು ಸುತ್ತೀನಿ,” ಎಂದರು.

ನಾನು ಫೋನನ್ನು ಕಿವಿಗೂ ಭುಜಕ್ಕೂ ಮಧ್ಯೆ ಸಿಕ್ಕಿಸಿಕೊಂಡೆ. ಟಬ್ಬಿಗೆ ಬಿಸಿನೀರು ಬಿಟ್ಟು, ಸೋಡಾಪುಡಿ ಹಾಕಿ, ಪಂಚೆಗಳನ್ನು ಒಂದೊಂದಾಗಿ ನೆನೆಯಿಡತೊಡಗಿದೆ.